ಬೆಣ್ಣೆ ದೋಸೆ ಲೆಕ್ಕ ಬರೆಯೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ದಾವಣಗೆರೆಯಲ್ಲಿ ಕೆಲಸ, ವಾರಕ್ಕೆ ಐದು ದಿನ ಹೋಟೆಲ್ ತಿಂಡಿ, ಊಟ. ಆ್ಯಪ್‌ನಲ್ಲಿ ಬೆಣ್ಣೆ ದೋಸೆಗೆ ಒಂದು ಕಡೆ 180 ಕ್ಯಾಲೊರಿ, ಇನ್ನೊಂದು ಕಡೆ 420. ಯಾವುದನ್ನ ಬರೀಲಿ?

ನಿಟುವಳ್ಳಿ: ಎರಡನ್ನೂ ಬಿಡ್ರಿ. ದೋಸೆನ ಬಿಡಿಸಿ ಬರೀರಿ. ಸೌಟು ಹಿಟ್ಟು ಅಂದಾಜು 100 ಗ್ರಾಂ, ಅದರಲ್ಲಿ ಒಣ ಅಕ್ಕಿ, ಉದ್ದು, ಮಂಡಕ್ಕಿ ಸೇರಿ 40 ಗ್ರಾಂ, ಅಂದ್ರೆ 140 ಕ್ಯಾಲೊರಿ. ಬೆಣ್ಣೆ ಗ್ರಾಂಗೆ 7.2. ಮೋಸ ಹೋಗೋದು ಇಲ್ಲೇ: ಹಂಚಿನ ಮೇಲೆ ಸುತ್ತ ಬಿಡೋದು, ಮಗುಚಿದ ಮೇಲೆ ಸವರೋದು, ತಟ್ಟೆಗೆ ಬಂದಾಗ ಮೇಲಿಡೋ ಮುದ್ದೆ. ಜನ ಮುದ್ದೆ ಮಾತ್ರ ಎಣಿಸ್ತಾರೆ. ದೋಸೆಗೆ 20 ಗ್ರಾಂ ಹಿಡಿದ್ರೂ ಮೂರು ದೋಸೆಗೆ ಬೆಣ್ಣೆನೇ 430.

ದುರ್ಗದ ಕೋಟೆ: 7.2 ಪ್ಯಾಕೆಟ್ ಬೆಣ್ಣೆ ಲೆಕ್ಕ, ಅದರಲ್ಲಿ ಕೊಬ್ಬು ನೂರಕ್ಕೆ 80. ಬಿಳಿ ಬೆಣ್ಣೆಗೆ ಕಾನೂನಿನ ಕನಿಷ್ಠ 76. 6.8 ಹಾಕ್ರಿ. ತಪ್ಪು ಲೆಕ್ಕ ಕಲಿಸಬೇಡಿ.

ನಿಟುವಳ್ಳಿ: 60 ಗ್ರಾಂಗೆ ವ್ಯತ್ಯಾಸ 24 ಕ್ಯಾಲೊರಿ! ಭಟ್ಟರ ಕೈ ಒಂದು ಸಲ ಜಾಸ್ತಿ ಓಡಿದ್ರೆ ನಿಮ್ಮ 76 ಅಲ್ಲೇ ಮುಳುಗುತ್ತೆ.

ಪಿ.ಜೆ. ಬಡಾವಣೆ: ಅಂದಾಜೇ ಬೇಡ, ಪುಟ್ಟ ಡಿಜಿಟಲ್ ತಕ್ಕಡಿ ಇಟ್ಕೊಳ್ರಿ. ಬೆಣ್ಣೆ ಬೇರೆ ಬಟ್ಟಲಲ್ಲಿ ಕೇಳಿ, ಖಾಲಿ ದೋಸೆ ಹೇಳಿ; ತಿನ್ನೋ ಮೊದಲು ಬಟ್ಟಲು ತೂಗಿ, ತಿಂದಾದ ಮೇಲೆ ಮತ್ತೆ ತೂಗಿ, ಕಳೀರಿ. 500 ಗ್ರಾಂ ತಕ್ಕಡಿ ಮೇಲೆ ಸ್ಟೀಲ್ ತಟ್ಟೆ ಇಡಬೇಡಿ, ತಟ್ಟೆ ಭಾರಕ್ಕೇ ಮಿತಿ ದಾಟುತ್ತೆ. ಬಾಳೆಲೆ ತುಂಡು ಸಾಕು. ನಿಮಿಷಕ್ಕೆ ತಾನೇ ಆಫ್ ಆಗಿ ಸೊನ್ನೆ ಮಾಡಿದ್ದು ಅಳಿಸಿಹೋಗುತ್ತೆ, ಅದಕ್ಕೇ ಖಾಲಿ ತೂಕ ಬರೆದಿಡಿ. ಸೆಲ್ ಸೋತರೆ ತೂಕ ಜಾರುತ್ತೆ: ಹತ್ತು ರೂಪಾಯಿ ನಾಣ್ಯ ಇಡಿ, 7.7 ತೋರಿಸ್ಬೇಕು.

ಮಂಡಿಪೇಟೆ: ಬೆಳಿಗ್ಗೆ ಎಂಟಕ್ಕೆ ಟೇಬಲ್ ಹಿಂದೆ ನಾಲ್ಕು ಜನ ನಿಂತಿರ್ತಾರೆ, ನಿಮ್ಮ ನಾಣ್ಯ ತೂಗೋವರೆಗೆ ಯಾರು ಕಾಯ್ತಾರೆ? ಬೆಣ್ಣೆ ಬೇರೆ ತಗೊಂಡ್ರೆ ಅದು ಬೆಣ್ಣೆ ದೋಸೆನೇ ಅಲ್ಲ.

ಪಿ.ಜೆ. ಬಡಾವಣೆ: ಪಾರ್ಸಲ್ ತಗೊಂಡು ಮನೇಲಿ ತೂಗ್ರಿ. ನಾಲ್ಕು ಸಲ ತೂಗಿ ಸರಾಸರಿ ತೆಗೆದ್ರೆ ಆಮೇಲೆ ತಕ್ಕಡಿ ಬೇಡ.

ವಿದ್ಯಾನಗರ: ಎಲ್ಲರೂ ಬೆಣ್ಣೆ ಹಿಂದೆ ಬಿದ್ದಿದ್ದೀರಿ, ಮಧ್ಯಾಹ್ನದ ಅನ್ನ ಕೇಳೋರಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಲಿ ಅಕ್ಕಿಗೆ 1491 ಅಂತಿದೆ. ಅದು ಕಿಲೋಜೂಲ್, 4.184ರಿಂದ ಭಾಗಿಸಿದ್ರೆ 356 ಕ್ಯಾಲೊರಿ. ಅದೂ 100 ಗ್ರಾಂ ಹಸಿ ಅಕ್ಕಿಗೆ. ಬೆಂದ ಅನ್ನಕ್ಕೆ 130. ಅನ್ನ ತೂಗಿ ಅಕ್ಕಿ ಲೆಕ್ಕ ಹಾಕಿದ್ರೆ ಮೂರು ಪಟ್ಟು ತಪ್ಪು.

ದುರ್ಗದ ಕೋಟೆ: ಇದು ಸರಿಯಾದ ಮಾತು. ಅಂಕಿ ನೋಡದೆ ಬರೆಯೋರಿಗೇ ನಾನು 76 ಅಂದಿದ್ದು.

ನಿಟುವಳ್ಳಿ: ಮತ್ತೆ 76! ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ತಿಂತೀರಲ್ಲ, ಅದು ಹೀರಿದ ಎಣ್ಣೆ ಬರೀತೀರಾ? ಎಣ್ಣೆ ಗ್ರಾಂಗೆ 9.

ದುರ್ಗದ ಕೋಟೆ: ಬರೀತೀನಿ. ಬಜ್ಜಿಗೆ 7 ಗ್ರಾಂ, ಎಣ್ಣೆ ಸರಿಯಾಗಿ ಕಾಯದೆ ಬಿಟ್ಟಿದ್ರೆ 10.