ಟ್ರಯಲ್ ಅವಧಿಯ ಲೆಕ್ಕವನ್ನು ಎಲ್ಲಿ, ಹೇಗೆ ಇಡಬೇಕು?

ಪ್ರಶ್ನೆ:
ನಮಸ್ಕಾರ. ಕಿರಾಣಿ ಅಂಗಡಿಗಳಿಗಾಗಿ ಬಿಲ್ಲಿಂಗ್ ತಂತ್ರಾಂಶವೊಂದನ್ನು ಬರೆದು, 30 ದಿನ ಉಚಿತವಾಗಿ ಬಳಸಲು ಕೊಡುತ್ತಿದ್ದೇನೆ. ಮೊದಲ ಸಲ ತೆರೆದ ದಿನಾಂಕವನ್ನು ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಹಾಗೂ ತಂತ್ರಾಂಶಗಳ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಇಡುತ್ತೇನೆ. ಯಾರಾದರೂ ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ತಿಳಿಯಲೆಂದು ಕೊನೆಯ ಸಲ ತೆರೆದ ವೇಳೆಯನ್ನೂ ಬರೆದಿಟ್ಟು, ಈಗಿನ ವೇಳೆ ಅದಕ್ಕಿಂತ ಹಿಂದಿದ್ದರೆ ತಂತ್ರಾಂಶ ಲಾಕ್ ಆಗುವಂತೆ ಮಾಡಿದ್ದೇನೆ. ಕಳೆದ ವಾರ ಅಂಗಡಿಯವರೊಬ್ಬರು ಐದನೆಯ ದಿನಕ್ಕೇ ಲಾಕ್ ಆಯಿತೆಂದು ಫೋನ್ ಮಾಡಿದರು. ಹೋಗಿ ನೋಡಿದರೆ, ಕಂಪ್ಯೂಟರ್ ಆಫ್ ಇದ್ದಾಗ ಗಡಿಯಾರ ನಡೆಸುವ ಮದರ್‌ಬೋರ್ಡಿನ ಬ್ಯಾಟರಿ ಸತ್ತುಹೋಗಿ, ಪರದೆಯ ಮೂಲೆಯಲ್ಲಿ 01-01-2009 ಎಂದಿತ್ತು. ಅವರದೇನೂ ತಪ್ಪಿರಲಿಲ್ಲ. ಇದನ್ನು ಹೇಗೆ ಸರಿಪಡಿಸಲಿ?

ಉತ್ತರ 1:
ಹಿಂದಿನ ದಿನಾಂಕ ಕಂಡ ಕೂಡಲೇ ಲಾಕ್ ಮಾಡದೆ, ಗಡಿಯಾರ ತಪ್ಪಿದೆ ಎಂದು ತಿಳಿಸಿ, ಸರಿಪಡಿಸುವವರೆಗೆ ಹೊಸ ಬಿಲ್ಲನ್ನು ಮಾತ್ರ ತಡೆಯಿರಿ. ತಪ್ಪು ದಿನಾಂಕದ ಬಿಲ್ಲು ಹೊರಬಿದ್ದರೆ ಅವರ ಜಿಎಸ್‌ಟಿ ಲೆಕ್ಕವೇ ಕೆಡುತ್ತದೆಯಾದ್ದರಿಂದ ಈ ಎಚ್ಚರಿಕೆ ಅವರಿಗೂ ಬೇಕಾದದ್ದೇ. ಇದಕ್ಕಿಂತ ಕೆಟ್ಟ ಸಂದರ್ಭ ಇನ್ನೊಂದಿದೆ: ಗಡಿಯಾರ ಒಮ್ಮೆ ತಪ್ಪಿ 2035ಕ್ಕೆ ಹೋದಾಗ ನಿಮ್ಮ ತಂತ್ರಾಂಶ ತೆರೆದರೆ, ‘ಕೊನೆಯ ವೇಳೆ’ 2035 ಎಂದೇ ಉಳಿದು, ಗಡಿಯಾರ ಸರಿಹೋದ ಮೇಲೂ ಲಾಕ್ ಬಿಡುವುದಿಲ್ಲ. ಕ್ಯಾಲೆಂಡರ್ ದಿನಗಳ ಬದಲು ತಂತ್ರಾಂಶ ತೆರೆದ ದಿನಗಳನ್ನಷ್ಟೇ ಎಣಿಸಿದರೆ ಇಂಥ ಜಿಗಿತಕ್ಕೆ ಹೆಚ್ಚೆಂದರೆ ಒಂದು ದಿನ ನಷ್ಟವಾಗುತ್ತದೆ.

ಉತ್ತರ 2:
ರಿಜಿಸ್ಟ್ರಿಯಲ್ಲಿ ಆಯಾ ಬಳಕೆದಾರರಿಗಷ್ಟೇ ಸೇರಿದ ಕರೆಂಟ್ ಯೂಸರ್ ಭಾಗದಲ್ಲಿ ಬರೆದಿದ್ದರೆ, ಅದೇ ಕಂಪ್ಯೂಟರಿನಲ್ಲಿ ಹೊಸ ಬಳಕೆದಾರ ಖಾತೆ ತೆರೆದವರಿಗೆ ಮತ್ತೆ 30 ದಿನ ಸಿಗುತ್ತದೆ. ಟ್ರಯಲ್ ಶುರುವಾದ ಗುರುತನ್ನು ನಾಲ್ಕಾರು ಕಡೆ ಅಡಗಿಸಿಟ್ಟರೂ, ಯಾವ ಕಡತ, ರಿಜಿಸ್ಟ್ರಿಯ ಯಾವ ಕೀ (ನಮೂದು) ಮುಟ್ಟುತ್ತಿದ್ದೀರಿ ಎಂಬುದನ್ನು ಪ್ರೊಸೆಸ್ ಮಾನಿಟರ್ ಎಂಬ ನಿಗಾ ಸಾಧನ ಸಾಲು ಸಾಲಾಗಿ ತೋರಿಸಿಬಿಡುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದರಂತೂ ಎಲ್ಲವೂ ಅಳಿಸಿಹೋಗುತ್ತದೆ. ಗಟ್ಟಿಯಾದ ದಾರಿಯೆಂದರೆ, ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಮಾತ್ರ ಇಂಟರ್ನೆಟ್ ಕೇಳಿ, ಕಂಪ್ಯೂಟರಿನ ಗುರುತಿನ ಹ್ಯಾಶ್ (ಆ ಗುರುತಿನಿಂದ ಲೆಕ್ಕ ಹಾಕಿ ಪಡೆದ ಸಂಕೇತ) ಮತ್ತು ಆರಂಭದ ದಿನಾಂಕವನ್ನು ನಿಮ್ಮ ಸರ್ವರಿನಲ್ಲಿ ದಾಖಲಿಸಿ, ಯಾರಾದರೂ ತಿದ್ದಿದರೆ ಗೊತ್ತಾಗುವಂತೆ ಡಿಜಿಟಲ್ ಸಹಿ ಹಾಕಿದ ಪರವಾನಗಿ ಕಡತವನ್ನು ಕಳುಹಿಸುವುದು.

ಉತ್ತರ 3:
ಅವಧಿ ಮುಗಿದ ಮೇಲೆ ಏನಾಗಬೇಕು ಎಂಬುದನ್ನೂ ಯೋಚಿಸಿ. ವಿನ್‌ರಾರ್ ಎಂಬ ಕಡತ ಕುಗ್ಗಿಸುವ ತಂತ್ರಾಂಶ ತನ್ನ 40 ದಿನಗಳ ಟ್ರಯಲ್ ಮುಗಿದ ನಂತರವೂ ಕೆಲಸ ಮಾಡುತ್ತಾ ಖರೀದಿಯನ್ನು ನೆನಪಿಸುತ್ತದೆ. ವಿಂಡೋಸ್ ಸರ್ವರಿನ 180 ದಿನಗಳ ಟ್ರಯಲ್ ಆವೃತ್ತಿ ಅವಧಿ ಮುಗಿದರೆ ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ. ನಿಮ್ಮದು ಅಂಗಡಿಯ ಲೆಕ್ಕ. ಸಾಲದ ಖಾತೆ, ಹಳೆಯ ಬಿಲ್ಲು ಎಲ್ಲವೂ ಅವರ ಸ್ವತ್ತು. ಹೊಸ ಬಿಲ್ಲು ನಿಲ್ಲಿಸಿದರೂ, ಹಳೆಯದನ್ನು ನೋಡುವ, ಎಕ್ಸೆಲ್‌ಗೆ ತೆಗೆದುಕೊಳ್ಳುವ ದಾರಿಯನ್ನು ದಯವಿಟ್ಟು ಮುಚ್ಚಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಾಳೆ ಅವರ ಅಂಗಡಿಗೆ ಹೊಸ ಸಿಆರ್2032 ಬ್ಯಾಟರಿ ಒಯ್ದು ಹಾಕಿ, ಅವರ ಇಪ್ಪತ್ತೈದು ದಿನಗಳನ್ನು ಮರಳಿಸಿ ಬರುತ್ತೇನೆ.