'ಕಾಂಟ್ಯಾಕ್ಟ್ ಪ್ರಾಬ್ಲಮ್'ಗೆ ಕನ್ನಡ ಪದ ಬೇಕು, ಶುಕ್ರವಾರದೊಳಗೆ

ಪ್ರಶ್ನೆ:
ನಮಸ್ಕಾರ. ಒಂದು ಗಣಿತ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒತ್ತಿದರೆ ಆಕಾರ ಬದಲಾಗುವ ಎರಡು ಘನವಸ್ತುಗಳು ಒಂದಕ್ಕೊಂದು ಒತ್ತಿಕೊಂಡು ಜಾರಿದರೆ ಏನಾಗುತ್ತದೆ ಅನ್ನುವ ವಿಷಯ. 'ಫ್ರಿಕ್ಷನಲ್ ಕಾಂಟ್ಯಾಕ್ಟ್ ಪ್ರಾಬ್ಲಮ್'ಗೆ 'ಘರ್ಷಣಾಯುಕ್ತ ಸಂಪರ್ಕ ಸಮಸ್ಯೆ' ಎಂದು ಬರೆದೆ. ಓದಿದ ತಂಗಿ "ಫೋನ್ ನೆಟ್‌ವರ್ಕ್ ಬಗ್ಗೆನಾ?" ಅಂದಳು. ಅವಳು ಕೇಳಿದ್ದು ಸರಿ. 'ಡಿಫಾರ್ಮಬಲ್'ಗೂ ಒಂದು ಪದ ಬೇಕು.

ಉತ್ತರ 1:
'ಸ್ಪರ್ಶ' ಅನ್ನಿ, ಮುಗಿಯಿತು. 'ಘರ್ಷಣೆ' ಶಾಲೆಯ ಪುಸ್ತಕದಲ್ಲೇ ಇದೆ. ಅದನ್ನು ಕೆದಕಬೇಡಿ.

ಉತ್ತರ 2:
ಮುಗಿಯಲಿಲ್ಲ. ಶಾಲೆಯ ಪುಸ್ತಕದಲ್ಲಿ 'ಸ್ಪರ್ಶಕ' ಅಂದರೆ ಟ್ಯಾಂಜೆಂಟ್ ಅಲ್ವಾ? ಈ ಗಣಿತದಲ್ಲಿ ಮೇಲ್ಮೈಗುಂಟ ಎಳೆಯುವ ಬಲ, ಅಂದರೆ ಸ್ಪರ್ಶಕ ಬಲ, ಪುಟಪುಟಕ್ಕೂ ಬರುತ್ತದೆ. ಘರ್ಷಣೆಯ ಕುಲೋಂ ನಿಯಮವೇ ಅದು: ಆ ಬಲ ಮಿತಿ ಮುಟ್ಟುವ ತನಕ ವಸ್ತು ಕಚ್ಚಿಕೊಂಡಿರುತ್ತದೆ, ಮುಟ್ಟಿದ ಮೇಲೆ ಜಾರುತ್ತದೆ. ಮಿತಿ ಎಷ್ಟು ಅನ್ನುವುದು ಅಲ್ಲಿನ ಒತ್ತಡದ ಮೇಲೆ ನಿಂತಿದೆ. ಹೀಗಿರುವಾಗ 'ಸ್ಪರ್ಶ ಬಲ', 'ಸ್ಪರ್ಶಕ ಬಲ' ಎರಡೂ ಒಂದೇ ಸಾಲಿನಲ್ಲಿ ಬಂದರೆ ಓದುವವರು ಎಡವುತ್ತಾರೆ.

ನನ್ನ ಪದ 'ತಾಗು'. 'ಮುಟ್ಟಿದೆ' ಅಂದರೆ ಬೇಕೆಂದೇ ಮುಟ್ಟಿದ ಹಾಗೆ. 'ತಾಗಿತು' ಅಂದರೆ ತಾನಾಗಿ ಆದದ್ದು. ಇಟಲಿಯ ಗಣಿತಜ್ಞ ಸಿನ್ಯೊರಿನಿ 1959ರಲ್ಲಿ ಮುಂದಿಟ್ಟ ಪ್ರಶ್ನೆಯ ತಿರುಳೂ ಇದೇ. ವಸ್ತು ಆಸರೆಗೆ ಎಲ್ಲಿ ತಾಗುತ್ತದೆ ಅನ್ನುವುದು ಮೊದಲೇ ಗೊತ್ತಿರುವುದಿಲ್ಲ. ಅದನ್ನೂ ಲೆಕ್ಕದಿಂದಲೇ ಕಂಡುಹಿಡಿಯಬೇಕು. ಅಂತರ ಇರುವಲ್ಲಿ ಒತ್ತಡ ಇಲ್ಲ, ಒತ್ತಡ ಇರುವಲ್ಲಿ ಅಂತರ ಇಲ್ಲ. ಮಳೆಗಾಲದಲ್ಲಿ ಉಬ್ಬಿದ ಬಾಗಿಲನ್ನು ನೆನೆಸಿಕೊಳ್ಳಿ. "ಚೌಕಟ್ಟಿಗೆ ತಾಗ್ತಾ ಇದೆ" ಅನ್ನುತ್ತೇವೆ. ಎಲ್ಲಿ ಅಂತ ಬಡಗಿ ಬಂದೇ ಹುಡುಕಬೇಕು. ಈ ಪ್ರಶ್ನೆಯನ್ನು 1963ರಲ್ಲಿ ಇನ್ನೊಬ್ಬ ಗಣಿತಜ್ಞ ಫಿಕೇರಾ ಬಿಡಿಸಿದರು, ಅದೂ ಘರ್ಷಣೆ ಇಲ್ಲದ್ದನ್ನು. ಘರ್ಷಣೆ ಸೇರಿದರೆ ತುಂಬಾ ಕಷ್ಟ.

ಉತ್ತರ 3:
'ತಾಗುಸಮಸ್ಯೆ' ಅಂದರೆ ಅರಿಸಮಾಸ, ಕನ್ನಡ-ಸಂಸ್ಕೃತ ಬೆರಕೆ. ಒಪ್ಪುವುದಿಲ್ಲ. ಅಲ್ಲದೆ ಹಳಗನ್ನಡದಲ್ಲಿ ತಾಗು ಅಂದರೆ ಮೇಲೆ ಬಿದ್ದು ಹೊಡೆಯುವುದು. ತಮಿಳಿನ ತಾಕ್ಕು ನೋಡಿ. 'ಸೋಂಕು' ನಮ್ಮ ಹಳೆಯ ಪದ, ಅದನ್ನು ತನ್ನಿ. ಘರ್ಷಣೆ ಬಿಟ್ಟು 'ತಿಕ್ಕಾಟ' ಅನ್ನಿ. ಎಷ್ಟು ದಿನ ಸಂಸ್ಕೃತದ ಸಾಲ?

ಉತ್ತರ 2:
ಸೋಂಕು ಅಂದರೆ ಇವತ್ತು ಎಲ್ಲರಿಗೂ ರೋಗ. ತಿಕ್ಕಾಟ ಅಂದರೆ ಜಗಳ. ಪದ ಹುಟ್ಟಿದ ಊರು ಕೇಳಬೇಡಿ, ಈಗ ಎಲ್ಲಿ ಬಾಳುತ್ತಿದೆ ನೋಡಿ. ನಿಮ್ಮ ಲೆಕ್ಕದಲ್ಲಿ 'ಲೆಕ್ಕ'ವೂ ಹೋಗಬೇಕು, ಅದು ತದ್ಭವ. ಸಮಾಸ ಬೇಡವೆಂದರೆ ಬಿಡಿಸಿ ಬರೆಯಿರಿ: 'ಘರ್ಷಣೆಯೊಡನೆ ತಾಗುವ ಸಮಸ್ಯೆ'.

ಉತ್ತರ 3:
ತದ್ಭವ ನಮ್ಮದೇ. ಅದನ್ನೂ ತತ್ಸಮವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪ್ರಶ್ನೆ ಕೇಳಿದವರು:
ಬಿಡಿಸಿ ಬರೆದದ್ದನ್ನೇ ತೆಗೆದುಕೊಂಡೆ. ತಂಗಿಗೂ ಓದಿಸಿದೆ, ಅರ್ಥವಾಯಿತು. 'ಡಿಫಾರ್ಮಬಲ್' ಬಗ್ಗೆ ಯಾರೂ ಏನೂ ಹೇಳಲಿಲ್ಲ. 'ವಿರೂಪ' ಅಂದರೆ ಅಂದಗೆಟ್ಟದ್ದು ಅನ್ನಿಸುತ್ತದೆ. ಸದ್ಯ 'ಆಕಾರ ಬದಲಾಗುವ' ಅಂತಿಟ್ಟಿದ್ದೇನೆ. ಬೇರೆ ಇದ್ದರೆ ಇವತ್ತು ರಾತ್ರಿಯೊಳಗೆ ತಿಳಿಸಿ.