ತೌಡು, ಹೊಟ್ಟು, ಬೂಸಾ: ಯಾವುದಕ್ಕೆ ಯಾವುದು?

ಗೆಳೆಯರೇ,

ಸಣ್ಣ ರೈಸ್ ಮಿಲ್ ಯಂತ್ರವೊಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಕ್ಕಿ ಬೀಳುವ ಬಾಯಿ, ನುಚ್ಚು ಬೀಳುವ ಬಾಯಿ ಎಂದು ಸಲೀಸಾಗಿ ಬರೆದೆ. ಉಳಿದ ಎರಡು ಬಾಯಿಗಳ ಹತ್ತಿರ ಪೆನ್ನು ನಿಂತಿದೆ. ಒಂದರಲ್ಲಿ 'ಹಸ್ಕ್' ಬೀಳುತ್ತದೆ, ಇನ್ನೊಂದರಲ್ಲಿ 'ಬ್ರ್ಯಾನ್'. ಪತ್ರಿಕೆಗಳ ಆರೋಗ್ಯ ಅಂಕಣಗಳಲ್ಲಿ ಎರಡನ್ನೂ 'ಹೊಟ್ಟು' ಎಂದು ಬರೆದಿದ್ದನ್ನು ನೋಡಿದ್ದೇನೆ. ಯಂತ್ರ ನಡೆಸುವವರಿಗೆ ಹಾಗೆ ಬರೆದುಕೊಟ್ಟರೆ ಕೆಟ್ಟಂತೆಯೇ.

ನನಗೆ ಗೊತ್ತಿರುವಂತೆ ಭತ್ತದ ಮೇಲಿನ ಒರಟು ಸಿಪ್ಪೆ ಹೊಟ್ಟು. ಕುಟ್ಟಿ, ಮೊರದಲ್ಲಿ ಕೇರಿದರೆ ಹಾರಿ ಹೋಗುವುದು ಅದೇ. ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ. ದನಕ್ಕೆ ಅದರಿಂದ ಲಾಭವಿಲ್ಲ, ಬಾಯ್ಲರಿಗೋ ಇಟ್ಟಿಗೆ ಗೂಡಿಗೋ ಹೋಗುತ್ತದೆ. ಹೊಟ್ಟು ಹೋದ ಮೇಲೆ ಅಕ್ಕಿಗೆ ಅಂಟಿರುವ ಕಂದು ಪದರವನ್ನು ಪಾಲಿಶ್ ಮಾಡಿದಾಗ ಉದುರುವ ಪುಡಿ ತೌಡು. ಇದು ಮೆತ್ತಗೆ, ಸ್ವಲ್ಪ ಜಿಡ್ಡು. ಎಣ್ಣೆ ತೆಗೆಯುವುದು ಇದರಿಂದಲೇ. ನೂರು ಕಿಲೋ ಭತ್ತಕ್ಕೆ ಹೊಟ್ಟು ಸುಮಾರು 20 ಕಿಲೋ, ತೌಡು ಸುಮಾರು 8 ಕಿಲೋ. 'ತೌಡು ಕುಟ್ಟುವುದು' ಎಂಬ ಮಾತು ನೋಡಿ. ಅಕ್ಕಿ ಆಗಲೇ ಬೇರೆಯಾಗಿದೆ, ಇನ್ನೆಷ್ಟು ಕುಟ್ಟಿದರೂ ಏನು ಬಂತು? ಒನಕೆ ಹಿಡಿದವರಿಗೆ ಎರಡರ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿತ್ತು, ಅಲ್ವಾ?

ಹಾಗಾದರೆ ಈ ಪದಗಳು ಕಲಸಿಹೋಗಿದ್ದು ಎಲ್ಲಿ? ನನ್ನ ಅನುಮಾನ ಹಳೇ ಹಲ್ಲರ್ ಮಿಲ್ಲುಗಳ ಮೇಲೆ. ಅದರಲ್ಲಿ ಒಂದೇ ಉಕ್ಕಿನ ಉರುಳೆ ಭತ್ತವನ್ನು ಉಜ್ಜಿ ಉಜ್ಜಿ ಸಿಪ್ಪೆಯನ್ನೂ ತೆಗೆಯುತ್ತದೆ, ಪಾಲಿಶನ್ನೂ ಮಾಡುತ್ತದೆ. ಪುಡಿಯಾದ ಹೊಟ್ಟು, ತೌಡು, ಸಣ್ಣ ನುಚ್ಚು ಎಲ್ಲ ಸೇರಿ ಕೆಳಗೆ ಬೀಳುತ್ತದೆ. ಹಳ್ಳಿಗಳಲ್ಲಿ ಅದನ್ನೇ ತೌಡು ಎಂದು ಚೀಲಕ್ಕೆ ತುಂಬಿ ದನಕ್ಕೆ ಹಾಕುತ್ತಾರೆ. ಸಿಪ್ಪೆಯನ್ನಷ್ಟೇ ಸುಲಿಯುವ ರಬ್ಬರ್ ರೋಲ್ ಶೆಲ್ಲರ್ ಬಂದ ಮೇಲೆ ಎರಡೂ ಬೇರೆ ಬೇರೆ ಬಾಯಲ್ಲಿ ಬೀಳತೊಡಗಿದವು. ಎಣ್ಣೆ ಕಾರ್ಖಾನೆಯವರಿಗೆ ಬೇಕಾದ್ದು ಶೆಲ್ಲರ್ ಮಿಲ್ಲಿನ ಶುದ್ಧ ತೌಡು, ಅದೂ ಬೇಗ. ಇಟ್ಟರೆ ಅದರ ಎಣ್ಣೆ ಕಮಟು ಹಿಡಿಯುತ್ತದೆ. ಹೀಗೆ ವ್ಯಾಪಾರದಲ್ಲಿ ತೌಡು ಅಂದರೆ ಒಂದು, ಕೊಟ್ಟಿಗೆಯಲ್ಲಿ ಇನ್ನೊಂದು.

ಗೋಧಿಗೆ ಬಂದರೆ ತಲೆನೋವು ಜಾಸ್ತಿ. ಗೋಧಿಯ ಹೊಟ್ಟು ಒಕ್ಕಣೆಯಲ್ಲೇ ಉದುರಿ ಹೋಗಿರುತ್ತದೆ. ಗಿರಣಿಗೆ ಬರುವ ಕಾಳಿನ ಮೇಲಿರುವುದು ತೌಡಿನ ಪದರ. ಆದರೂ 'ಹೊಟ್ಟು ತೆಗೆಯದ ಗೋಧಿ ಹಿಟ್ಟು ತಿನ್ನಿ' ಎಂದು ಬರೆಯುತ್ತಾರೆ. ಹೊಟ್ಟು ತೆಗೆಯದೆ ಯಾರು ತಾನೇ ತಿಂದಾರು! ರೋಲರ್ ಫ್ಲೋರ್ ಮಿಲ್ಲಿನಲ್ಲಿ ಮೈದಾ, ರವೆ ತೆಗೆದ ಮೇಲೆ ಉಳಿಯುವುದಕ್ಕೆ ನಮ್ಮಲ್ಲಿ ಬೂಸಾ ಎನ್ನುತ್ತಾರೆ. ಹಿಂದಿಯ ಭೂಸಾ ಬೇರೆ. ಅದು ಒಕ್ಕಿದ ಮೇಲೆ ಸಿಗುವ ಗೋಧಿಯ ಪುಡಿ ಹುಲ್ಲು. 1973ರಲ್ಲಿ ರಾಜ್ಯದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಗಲಾಟೆಯಾಗಿ, ಪದವಿ ಬಿಡಬೇಕಾಯಿತು. ಸುಮ್ನೆ ಯೋಚಿಸಿ, ಅವರು ತೌಡು ಎಂದಿದ್ದರೆ ಅಷ್ಟು ಕಾವೇರುತ್ತಿತ್ತೇ?

ಸದ್ಯಕ್ಕೆ ಕೈಪಿಡಿಯಲ್ಲಿ ಹಸ್ಕಿಗೆ ಹೊಟ್ಟು, ಬ್ರ್ಯಾನಿಗೆ ತೌಡು ಎಂದೇ ಇಟ್ಟಿದ್ದೇನೆ. ಕರಾವಳಿಯವರಿಗಾಗಿ ಹೊಟ್ಟಿನ ಪಕ್ಕ 'ಉಮಿ' ಎಂದು ಸೇರಿಸುವ ಆಸೆಯಿದೆ. ಉಮಿಕರಿಯಲ್ಲಿ, ಅಂದರೆ ಸುಟ್ಟ ಉಮಿಯ ಪುಡಿಯಲ್ಲಿ, ಹಲ್ಲು ಉಜ್ಜಿದವರು ಆ ಪದವನ್ನು ಮರೆತಿರಲಾರರು. ಉತ್ತರದ ಕಡೆ ಹೊಟ್ಟು ಅಂದ ಕೂಡಲೇ ಶೇಂಗಾ ಹೊಟ್ಟು, ತೊಗರಿ ಹೊಟ್ಟು ನೆನಪಾಗುತ್ತದೆ, ಅದು ಮೇವು. ಅಲ್ಲಿಯವರಿಗೆ 'ಭತ್ತದ ಹೊಟ್ಟು' ಎಂದು ಬಿಡಿಸಿ ಹೇಳಿದರೆ ಸಾಕೇ?

ಗಂಗಾವತಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳ ಒಡನಾಟ ಇರುವವರು ಎರಡು ವಿಷಯ ತಿಳಿಸಿದರೆ ಉಪಕಾರ. ಹಲ್ಲರ್‌ನಿಂದ ಬರುವ ಆ ಕಲಸುಪುಡಿಗೆ ಹಮಾಲರ ಬಾಯಲ್ಲಿ ಬೇರೆ ಹೆಸರಿದೆಯೇ? ಎಣ್ಣೆ ತೆಗೆದ ಮೇಲೆ ಉಳಿಯುವ ತೌಡನ್ನು ಹಿಂಡಿ ಎನ್ನುತ್ತಾರೋ, ತೌಡು ಎಂದೇ ಮಾರುತ್ತಾರೋ?